ಟಿವಿ ನೋಡಿದರೆ ಬುದ್ಧಿ ಚುರುಕಾಗುತ್ತದೆಯೇ?

ಪ್ರಶ್ನೆ: ನಮ್ಮದು ಬೆಟಗೇರಿ, ಕೂಡು ಕುಟುಂಬ. ಮಾವನವರಿಗೆ 68, ಸಾರಿಗೆ ಸಂಸ್ಥೆಯೊಳಗ ಡ್ರೈವರ್ ಆಗಿ ನಿವೃತ್ತ ಆಗ್ಯಾರ. ದಿನಾ ಐದಾರು ತಾಸು ಸುದ್ದಿ ಚಾನೆಲ್ ಹಚ್ಚಿಕೊಂಡು ಕೂಡ್ತಾರ, ಇತ್ತೀಚೆಗೆ ಸೌಂಡ್ ಭಾಳ ಇಟ್ಕೋತಾರ. ಅತ್ತಿಯವರಿಗೆ ರೊಟ್ಟಿ ಬಡಿಯೂಮುಂದ ಧಾರಾವಾಹಿ ಬೇಕೇ ಬೇಕು. ಅವರು ಮೂರನೇತ್ತಾತನಕ ಸಾಲಿ ಕಲಿತವರು. ಮಗ ಒಂಬತ್ತನೇತ್ತಾ, ಕನ್ನಡ ಮೀಡಿಯಂ. ರಾತ್ರಿ ಟಿವಿಯಾಗ ಇಂಗ್ಲಿಷ್ ವೆಬ್ ಸೀರೀಸ್ ನೋಡ್ತಾನ. ಬೈದ್ರ "ಈಗಿನ ಸೀರೀಸ್ ನೋಡಿದ್ರ ಬುದ್ಧಿ ಚುರುಕ ಆಕ್ಕೈತಿ, ಇಂಗ್ಲಿಷೂ ಬರ್ತೈತಿ" ಅಂತಾನ. ಮೈದುನನ ಮಗಳಿಗೆ ಮೂರು ವರ್ಷ, ಕಾರ್ಟೂನ್ ಹಚ್ಚದಿದ್ರ ಉಣ್ಣಂಗಿಲ್ಲ. ಮಗ ಹೇಳೂದ್ರಾಗ ಏನರೆ ಖರೆ ಐತೇನು?

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಅರ್ಧ ಖರೆ ಇದೆ. ಅವನಿಗೆ ಅನ್ವಯಿಸುವ ಆ ಅರ್ಧ ಮೂರು ವರ್ಷದ ಕೂಸಿಗೆ ಅನ್ವಯಿಸುವುದಿಲ್ಲ. ಅವನ ಅಜ್ಜನ ಲೆಕ್ಕವೇ ಬೇರೆ. ನೋಡುವವರ ತಲೆ ಕೆಲಸ ಮಾಡಿದರೆ ಮಾತ್ರ ಟಿವಿಯಿಂದ ಲಾಭ. ಹಿಂದಿನದನ್ನು ನೆನಪಿಡಬೇಕು, ಮುಂದಿನದನ್ನು ಊಹಿಸಬೇಕು, ನೋಡಿದ್ದನ್ನು ಇನ್ನೊಬ್ಬರ ಜೊತೆ ಮಾತಾಡಬೇಕು. ಈ ಮೂರೂ ನಡೆಯದಿದ್ದರೆ ಎಷ್ಟೇ ಒಳ್ಳೆಯ ಕಾರ್ಯಕ್ರಮವಾದರೂ ಹೊತ್ತು ಹೋಗುತ್ತದೆ ಅಷ್ಟೇ. ಆ ಹೊತ್ತು ನಿದ್ದೆಯದ್ದೋ ಓಡಾಟದ್ದೋ ಆಗಿದ್ದರೆ ನಷ್ಟವೂ ಆಗುತ್ತದೆ.

ಟಿವಿ ಎಂದರೆ ಮಿದುಳಿಗೆ ವಿಷ ಎಂಬ ಹಳೆಯ ಮಾತಿಗೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಅಮೆರಿಕದಲ್ಲಿ 1948ರಿಂದ 1952ರವರೆಗೆ ಹೊಸ ಟಿವಿ ಕೇಂದ್ರಗಳಿಗೆ ಪರವಾನಗಿ ಕೊಡುವುದನ್ನು ತಡೆಹಿಡಿದಿದ್ದರು. ಹಾಗಾಗಿ ಕೆಲವು ಊರುಗಳಿಗೆ ಟಿವಿ ಬೇಗ ಬಂತು, ಕೆಲವಕ್ಕೆ ತಡವಾಗಿ ಬಂತು. ಜೆಂಟ್ಜ್‌ಕೋ ಮತ್ತು ಶಪೀರೋ ಎಂಬ ಅರ್ಥಶಾಸ್ತ್ರಜ್ಞರು ಈ ಎರಡು ಬಗೆಯ ಊರುಗಳ ಮಕ್ಕಳ ಪರೀಕ್ಷೆಯ ಅಂಕಗಳನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದರು. ಎಳವೆಯಲ್ಲಿ ಟಿವಿ ಕಂಡ ಮಕ್ಕಳು ಹಿಂದೆ ಬಿದ್ದಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಆಡದ ಕುಟುಂಬಗಳಲ್ಲಿ, ತಾಯಿಯ ಓದು ಕಡಿಮೆಯಿದ್ದ ಮನೆಗಳಲ್ಲಿ ಸ್ವಲ್ಪ ಮುಂದೆಯೇ ಇದ್ದರು. ಮನೆಯಲ್ಲಿ ಸಿಗದ ಮಾತು, ಹೊರಗಿನ ತಿಳಿವಳಿಕೆ ಅವರಿಗೆ ಟಿವಿಯಿಂದ ಸಿಕ್ಕಿತ್ತು.

ನಮ್ಮ ದೇಶದ್ದೇ ಇನ್ನೊಂದು ಅಧ್ಯಯನವಿದೆ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಓಸ್ಟರ್ 2009ರಲ್ಲಿ ಪ್ರಕಟಿಸಿದ್ದು. ಹಳ್ಳಿಗೆ ಕೇಬಲ್ ಬಂದ ಮೇಲೆ, ಗಂಡ ಹೊಡೆದರೆ ತಪ್ಪಿಲ್ಲ ಎನ್ನುವ ಹೆಂಗಸರ ಸಂಖ್ಯೆ ಇಳಿಯಿತು, ಗಂಡುಮಗುವೇ ಬೇಕೆಂಬ ಆಸೆ ಕಡಿಮೆಯಾಯಿತು, ಮನೆಯ ತೀರ್ಮಾನಗಳಲ್ಲಿ ಹೆಂಗಸರ ಮಾತಿಗೆ ತೂಕ ಬಂತು. ಅಲ್ಲಿಯವರು ನೋಡುತ್ತಿದ್ದದ್ದು ಜ್ಞಾನದ ಕಾರ್ಯಕ್ರಮಗಳನ್ನೇನಲ್ಲ, ಪಟ್ಟಣದ ಬದುಕು ತೋರಿಸುವ ಸಾಮಾನ್ಯ ಧಾರಾವಾಹಿಗಳೇ ಹೆಚ್ಚು. ಆದ್ದರಿಂದ ಅತ್ತೆಯವರ ಧಾರಾವಾಹಿಯನ್ನು ಪೂರ್ತಿ ವ್ಯರ್ಥ ಎಂದು ತಳ್ಳಿಹಾಕಬೇಡಿ. ಬುದ್ಧಿಯ ಕಸರತ್ತು ಬೇರೆ, ಲೋಕದೃಷ್ಟಿ ಅಗಲವಾಗುವುದು ಬೇರೆ. ಎರಡೂ ಮನಸ್ಸಿಗೆ ಬೇಕಾದವೇ.

ಆದರೂ ದಿನದ ಧಾರಾವಾಹಿಯ ಅರ್ಧ ತಾಸನ್ನು ಹತ್ತಿರದಿಂದ ಒಮ್ಮೆ ನೋಡಿ. ಮೊದಲಿಗೆ ನಿನ್ನೆಯ ಕಥೆಯ ತುಣುಕು. ಆಮೇಲೆ ಒಂದು ಮಾತು. ಆ ಮಾತಿಗೆ ಸೊಸೆಯ ಮುಖ, ಅತ್ತೆಯ ಮುಖ, ಬಾಗಿಲಲ್ಲಿ ನಿಂತವನ ಮುಖ ಒಂದಾದ ಮೇಲೊಂದು. ಕ್ಯಾಮೆರಾ ಅದೇ ಮುಖಕ್ಕೆ ಮೂರು ಸಲ ಹೋಗುತ್ತದೆ. ಯಾರು ಕೆಟ್ಟವರು, ಯಾವಾಗ ಅಳಬೇಕು ಎಂಬುದನ್ನು ಹಿನ್ನೆಲೆ ಸಂಗೀತವೇ ಹೇಳಿಬಿಡುತ್ತದೆ. ಪಾತ್ರ ತನ್ನ ಮನಸ್ಸಿನಲ್ಲಿರುವುದನ್ನು ತಾನೇ ಗಟ್ಟಿಯಾಗಿ ಆಡುತ್ತದೆ. ಇದರ ಹಿಂದೆ ಲೆಕ್ಕಾಚಾರವಿದೆ: ಹಂಚಿನ ಮುಂದೆ ಕುಳಿತವರು ತಲೆ ಎತ್ತದೆ ಕಿವಿಯಿಂದಲೇ ಕಥೆ ಹಿಡಿಯಬೇಕು, ಎರಡು ದಿನ ತಪ್ಪಿದರೂ ಮೂರನೆಯ ದಿನ ಸೇರಿಕೊಳ್ಳಬೇಕು. ಅತ್ತೆಯವರಿಗೆ ಇದು ಅನುಕೂಲವೇ. ನೆನಪಿಡುವ, ಊಹಿಸುವ ಕೆಲಸವನ್ನೆಲ್ಲ ಪರದೆಯೇ ಮಾಡಿ ಮುಗಿಸಿರುತ್ತದೆ, ನೋಡುವವರಿಗೆ ಉಳಿಯುವುದು ಕಡಿಮೆ.

ನಿಮ್ಮ ಮಗ ನೋಡುವ ಬಗೆಯ ಸೀರೀಸುಗಳ ಕಟ್ಟೋಣ ಬೇರೆ. ಎಂಟು ಹತ್ತು ಪಾತ್ರ, ನಾಲ್ಕೈದು ಎಳೆ. ಯಾರಿಗೆ ಏನು ಗೊತ್ತು, ಯಾರು ಯಾರಿಂದ ಏನನ್ನು ಮುಚ್ಚಿಟ್ಟಿದ್ದಾರೆ ಎಂಬುದನ್ನು ನೋಡುವವನೇ ಜೋಡಿಸಿಕೊಳ್ಳಬೇಕು. ಮೊದಲ ಕಂತಿನಲ್ಲಿ ಸುಮ್ಮನೆ ಬಂದುಹೋದ ಒಂದು ಮಾತು ಆರನೆಯ ಕಂತಿನಲ್ಲಿ ಅರ್ಥ ಪಡೆಯುತ್ತದೆ. ಇಷ್ಟನ್ನು ಹಿಡಿದಿಟ್ಟುಕೊಳ್ಳುವುದು ನಿಜವಾಗಿಯೂ ತಲೆಗೆ ಕೆಲಸ. ಆದರೆ ಸೀರೀಸ್ ಹಿಂಬಾಲಿಸುವುದರಲ್ಲಿ ಪಳಗಿದ ಮಾತ್ರಕ್ಕೆ ಗಣಿತ ಸುಲಭವಾಗುವುದಿಲ್ಲ. ಒಂದು ಅಭ್ಯಾಸದಿಂದ ಬಂದ ಚುರುಕು ಬಹುಮಟ್ಟಿಗೆ ಆ ಅಭ್ಯಾಸದಲ್ಲೇ ಉಳಿಯುತ್ತದೆ. ಅವನಿಗೆ ದಕ್ಕಬಹುದಾದದ್ದು ಮೂರು: ಭಾಷೆ, ಲೋಕದ ತಿಳಿವಳಿಕೆ, ಜನ ಯಾಕೆ ಹೀಗೆ ನಡೆದುಕೊಳ್ಳುತ್ತಾರೆ ಎಂದು ಯೋಚಿಸುವ ರೂಢಿ. ಇದೂ ಸಣ್ಣದೇನಲ್ಲ. ಆದರೆ ನೋಡುವ ರೀತಿ ಸರಿಯಿಲ್ಲದಿದ್ದರೆ ಮೂರೂ ಕೈತಪ್ಪುತ್ತವೆ.

ದೊಡ್ಡ ತಪ್ಪು ಆಗುವುದು ಒಂದೇ ರಾತ್ರಿ ನಾಲ್ಕೈದು ಕಂತು ನುಂಗುವುದರಲ್ಲಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಒಂದೇ ಸರಣಿಯನ್ನು ಕೆಲವರಿಗೆ ವಾರಕ್ಕೊಂದು ಕಂತು, ಕೆಲವರಿಗೆ ದಿನಕ್ಕೊಂದು, ಕೆಲವರಿಗೆ ಒಟ್ಟಿಗೇ ತೋರಿಸಿ ನೆನಪನ್ನು ಅಳೆದರು. ಒಟ್ಟಿಗೇ ನೋಡಿದವರಿಗೆ ಮರುದಿನ ಎಲ್ಲರಿಗಿಂತ ಚೆನ್ನಾಗಿ ನೆನಪಿತ್ತು. ತಿಂಗಳುಗಳು ಕಳೆದ ಮೇಲೆ ನೋಡಿದರೆ ಎಲ್ಲರಿಗಿಂತ ಹೆಚ್ಚು ಮರೆತವರೂ ಅವರೇ. ಒಟ್ಟಿಗೇ ನೋಡಿದವರ ಆನಂದವೂ ಉಳಿದವರಿಗಿಂತ ಕಡಿಮೆಯಿತ್ತು. ಆದ್ದರಿಂದ ದಿನಕ್ಕೆ ಒಂದು ಕಂತು, ನಲವತ್ತೈದು ಐವತ್ತು ನಿಮಿಷ. ಮುಂದಿನ ಕಂತು ತಾನಾಗಿ ಶುರುವಾಗುವ ಆಟೋಪ್ಲೇ ಸೌಲಭ್ಯವನ್ನು ಆ್ಯಪ್‌ನ ಪ್ರೊಫೈಲ್ ಸೆಟ್ಟಿಂಗ್‌ನಲ್ಲಿ ಬಂದ್ ಮಾಡಿಸಿ. ಅದು ಇರುವವರೆಗೂ "ಒಂದೇ ಕಂತು" ಎಂಬ ಮಾತು ನಿಲ್ಲುವುದಿಲ್ಲ, ಏಕೆಂದರೆ ಕಂತಿನ ಕೊನೆಯಲ್ಲಿ ಬೇಕೆಂದೇ ಒಂದು ಗಂಟು ಹಾಕಿಟ್ಟಿರುತ್ತಾರೆ. ಆಗ ರಿಮೋಟ್ ಕಸಿದುಕೊಂಡರೆ ಜಗಳವೇ ಆಗುತ್ತದೆ, ಹಾಸಿಗೆಯಲ್ಲೂ ಅದೇ ತಲೆಯಲ್ಲಿ ಸುತ್ತುತ್ತದೆ. ಇದಕ್ಕೊಂದು ಉಪಾಯ: ಮುಂದಿನ ಕಂತಿನ ಮೊದಲ ಐದಾರು ನಿಮಿಷ ನೋಡಲಿ. ಗಂಟು ಬಿಚ್ಚಿಕೊಂಡಿರುತ್ತದೆ, ಹೊಸದು ಇನ್ನೂ ಬಿದ್ದಿರುವುದಿಲ್ಲ. ಅಲ್ಲಿ ನಿಲ್ಲಿಸುವುದು ಸುಲಭ. ಮಲಗುವ ಒಂದು ತಾಸು ಮೊದಲು ಟಿವಿ ಬಂದ್ ಆಗಿರಲಿ. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ನಿದ್ದೆ ಕದ್ದು ನೋಡಿದ ಸೀರೀಸಿನಿಂದ ಬುದ್ಧಿ ಬೆಳೆಯುತ್ತದೆ ಎಂಬ ವಾದವನ್ನು ಮಾತ್ರ ಒಪ್ಪಬೇಡಿ.

ನೋಡಿದ ಮೇಲೆ ಐದು ನಿಮಿಷ ಮೊಬೈಲ್ ಮುಟ್ಟದೆ ನಿಮಗೋ ಅಜ್ಜನಿಗೋ ಕಥೆ ಹೇಳಲಿ, ಕನ್ನಡದಲ್ಲೇ. ನೀವು ಕೇಳಬೇಕಾದದ್ದು ಇಷ್ಟೇ: ಆ ಪಾತ್ರಕ್ಕೆ ಏನು ಬೇಕಾಗಿತ್ತು? ಯಾರು ಏನು ಮುಚ್ಚಿಟ್ಟಿದ್ದಾರೆ? ಮುಂದೇನಾದೀತು, ಯಾಕೆ ಹಾಗನ್ನಿಸುತ್ತದೆ? ಮರುದಿನ ಹೊಸ ಕಂತು ಹಚ್ಚುವ ಮೊದಲು ಹಿಂದಿನದನ್ನು ನಾಲ್ಕು ಸಾಲು ಬರೆದರೆ ಇನ್ನೂ ಒಳ್ಳೆಯದು. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದೇ ಹೆಚ್ಚು ದಿನ ಉಳಿಸುತ್ತದೆ ಎಂಬುದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಮಾಡಿದ ಪ್ರಯೋಗದಲ್ಲಿ ಚೆನ್ನಾಗಿ ಕಂಡಿದೆ. ಈ ರೂಢಿ ಪಾಠಕ್ಕೂ ಹಾಗೇ ಒದಗುತ್ತದೆ. ಆದರೆ ಇದನ್ನು ಪರೀಕ್ಷೆಯಂತೆ ನಡೆಸಿದರೆ ಮೂರನೆಯ ದಿನಕ್ಕೆ ಅವನು ನಿಮ್ಮ ಮುಂದೆ ನೋಡುವುದನ್ನೇ ಬಿಡುತ್ತಾನೆ. ನಮ್ಮ ಕಡೆ ರಾತ್ರಿಯಿಡೀ ದೊಡ್ಡಾಟವನ್ನೋ ಕಂಪನಿ ನಾಟಕವನ್ನೋ ನೋಡಿ ಬಂದವರು ಮರುದಿನ ಕಟ್ಟೆಯ ಮೇಲೆ ಕೂತು ಮಾಡುತ್ತಿದ್ದ ಚರ್ಚೆಯ ಹಾಗೆ, ಹರಟೆಯ ಧಾಟಿಯಲ್ಲೇ ಇರಲಿ. ಅವನ ಊಹೆ ತಪ್ಪಿದರೂ ಪರವಾಗಿಲ್ಲ, ಊಹಿಸುವುದೇ ಕೆಲಸ.

ಇನ್ನು ಇಂಗ್ಲಿಷ್. ಇಲ್ಲಿ ಅವನ ಮಾತು ಹೆಚ್ಚು ಸರಿ, ಆದರೆ ಕೆಳಗೆ ಬರುವ ಅಕ್ಷರಗಳು ಯಾವ ಭಾಷೆಯವು ಎಂಬುದರ ಮೇಲೆ ಎಲ್ಲ ನಿಂತಿದೆ. 2009ರಲ್ಲಿ ಮಿಟರರ್ ಮತ್ತು ಮೆಕ್ವೀನ್ ಡಚ್ ಭಾಷಿಕರಿಗೆ ಅಪರಿಚಿತ ಉಚ್ಚಾರಣೆಯ ಇಂಗ್ಲಿಷ್ ಕಾರ್ಯಕ್ರಮ ತೋರಿಸಿದರು. ಇಂಗ್ಲಿಷ್ ಸಬ್‌ಟೈಟಲ್ ಇದ್ದವರ ಕಿವಿ ಆ ಉಚ್ಚಾರಣೆಗೆ ಪಳಗಿತು. ತಮ್ಮದೇ ಭಾಷೆಯ ಸಬ್‌ಟೈಟಲ್ ಓದಿದವರಿಗೆ ಹೊಸ ಮಾತು ಹಿಡಿಯುವುದು ಇನ್ನಷ್ಟು ಕಷ್ಟವಾಯಿತು. ಕಣ್ಣು ತನ್ನ ಭಾಷೆಯಲ್ಲಿ ಅರ್ಥ ಹೇಳಿಬಿಟ್ಟರೆ ಕಿವಿ ಶ್ರಮಪಡುವುದಿಲ್ಲ. ಆದ್ದರಿಂದ ಮಾತೂ ಇಂಗ್ಲಿಷ್, ಅಕ್ಷರವೂ ಇಂಗ್ಲಿಷ್ ಇರಲಿ. ಐದು ನಿಮಿಷದ ಒಂದು ತುಂಡು ನೋಡಿ ಏನಾಯಿತೆಂದು ಕನ್ನಡದಲ್ಲಿ ಹೇಳಲು ಬರದಿದ್ದರೆ ಆ ಸೀರೀಸ್ ಅವನ ಮಟ್ಟಕ್ಕೆ ಎತ್ತರವಾಯಿತು. ಇನ್ನೂ ಸರಳವಾದದ್ದನ್ನು, ಪ್ರಾಣಿ ಪ್ರಪಂಚದ ಅಥವಾ ವಿಜ್ಞಾನದ ಕಾರ್ಯಕ್ರಮವನ್ನು ಆರಿಸಲಿ. ಅಲ್ಲಿ ವಾಕ್ಯ ಚಿಕ್ಕದು, ಮಾತಿನ ವಸ್ತು ಕಣ್ಣೆದುರೇ ಇರುತ್ತದೆ. ಹಿಡಿಸಿದ ತುಂಡನ್ನು ಎರಡನೆಯ ಸಲ ಅಕ್ಷರ ತೆಗೆದು ನೋಡಲಿ, ಐದು ವಾಕ್ಯ ನೋಟ್‌ಬುಕ್ಕಿನಲ್ಲಿ ಬರೆದು ಗಟ್ಟಿಯಾಗಿ ಆಡಲಿ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವುದು, ನೋಡುತ್ತ ಮೊಬೈಲ್ ತಿಕ್ಕುವುದು, ಇವೆರಡು ಇದ್ದರೆ ಭಾಷೆಯೂ ಇಲ್ಲ, ಕಥೆಯೂ ಇಲ್ಲ. ವಯಸ್ಸಿಗೆ ತಕ್ಕದ್ದೇ ಎಂದು ನೋಡಲು ಪ್ರತಿ ಕಾರ್ಯಕ್ರಮದ ಶುರುವಿಗೆ ಯು, ಯುಎ, ಎ ಎಂಬ ಗುರುತು ಬರುತ್ತದೆ. ನೀವೂ ಒಂದು ಕಂತು ಜೊತೆಗೆ ಕೂತು ನೋಡಿ.

ನಿಮ್ಮ ಪತ್ರದಲ್ಲಿ ನಮಗೆ ಹೆಚ್ಚು ಕಾಳಜಿ ಹುಟ್ಟಿಸಿದ್ದು ಮಗನಿಗಿಂತ ಮಾವನವರ ಸಂಗತಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫ್ಯಾನ್‌ಕೋರ್ಟ್ ಮತ್ತು ಸ್ಟೆಪ್ಟೋ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50 ದಾಟಿದವರಲ್ಲಿ ದಿನಕ್ಕೆ ಮೂರೂವರೆ ತಾಸಿಗಿಂತ ಹೆಚ್ಚು ಟಿವಿ ನೋಡುವವರ ಪದಗಳ ನೆನಪು ಆರು ವರ್ಷದಲ್ಲಿ ಉಳಿದವರಿಗಿಂತ ಹೆಚ್ಚು ಕುಗ್ಗಿತ್ತು. ಇದರಿಂದ ಟಿವಿಯೇ ಕಾರಣ ಎಂದು ಸಾಬೀತಾಗುವುದಿಲ್ಲ. ಮರೆವು ಶುರುವಾದವರು, ಮನಸ್ಸು ಕುಗ್ಗಿದವರು ತಾವಾಗಿ ಟಿವಿಯ ಮುಂದೆ ಹೆಚ್ಚು ಕೂಡುತ್ತಾರೆ ಎಂಬುದೂ ನಿಜ. ಆದರೂ 60 ದಾಟಿದವರನ್ನು ಕುರಿತು 2022ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಒಂದು ಅಂಶ ಗಮನ ಸೆಳೆಯುತ್ತದೆ: ಕೂತು ಟಿವಿ ನೋಡುವವರಲ್ಲಿ ಮರೆಗುಳಿ ರೋಗದ ಅಪಾಯ ಹೆಚ್ಚಿತ್ತು, ಕೂತೇ ಕಂಪ್ಯೂಟರ್ ಬಳಸುವವರಲ್ಲಿ ಕಡಿಮೆಯಿತ್ತು. ಇಬ್ಬರೂ ಕೂತವರೇ, ವ್ಯತ್ಯಾಸ ತಲೆ ಏನು ಮಾಡುತ್ತಿತ್ತು ಎಂಬುದರಲ್ಲಿ.

ಸೌಂಡ್ ಹೆಚ್ಚಿಸಿದ್ದನ್ನು ಮೊದಲು ಹಿಡಿಯಿರಿ. ವರ್ಷಗಟ್ಟಲೆ ಎಂಜಿನ್ನಿನ ಸದ್ದಿನಲ್ಲಿ ದುಡಿದವರಿಗೆ, ವಯಸ್ಸೂ ಸೇರಿದಾಗ, ಮೊದಲು ಕೆಡುವುದು ಎತ್ತರದ ಸ್ವರಗಳನ್ನು ಹಿಡಿಯುವ ಶಕ್ತಿ. ಸ, ಶ, ತ, ಕ ಇಂಥ ವ್ಯಂಜನಗಳು ಮಸುಕಾಗುತ್ತವೆ. "ಕೇಳಸ್ತೈತಿ, ಆದ್ರ ತಿಳೀವಲ್ದು" ಎನ್ನುತ್ತಾರಲ್ಲ, ಅದು ಇದೇ. ಕಿವಿ ಮಂದವಾಗುವುದು ಮರೆಗುಳಿ ರೋಗಕ್ಕೆ ದಾರಿ ಮಾಡುವ, ಆದರೆ ನಾವು ಸರಿಪಡಿಸಬಹುದಾದ ಕಾರಣಗಳಲ್ಲಿ ಒಂದೆಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2020ರಲ್ಲೂ 2024ರಲ್ಲೂ ಹೇಳಿದೆ. ಕಿವಿ ಡಾಕ್ಟರಲ್ಲಿಗೆ ಕರೆದೊಯ್ಯಿರಿ. ಮೊದಲು ಗುಗ್ಗೆ ತುಂಬಿದೆಯೇ ಎಂದು ನೋಡುತ್ತಾರೆ, ಆಮೇಲೆ ಆಡಿಯೋಮೆಟ್ರಿ ಎಂಬ ಶ್ರವಣ ಪರೀಕ್ಷೆ. ಮನೆಯಲ್ಲಿ ಎಣ್ಣೆ ಬಿಡುವುದು, ಪಿನ್ನು ಹಾಕುವುದು ಬೇಡ. ತೆಳು ಟಿವಿಗಳ ಸ್ಪೀಕರ್ ಹೆಚ್ಚಾಗಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುವುದರಿಂದ ಮಾತು ಗೋಡೆಗೆ ಬಡಿದು ಬರುತ್ತದೆ. ಸೌಂಡ್ ಸೆಟ್ಟಿಂಗ್‌ನಲ್ಲಿ ಮಾತು ಸ್ಪಷ್ಟವಾಗಿಸುವ ಆಯ್ಕೆ ಇದ್ದರೆ ಹಾಕಿ, ಅವರ ಕುರ್ಚಿಯನ್ನು ಎರಡು ಮೂರು ಅಡಿ ಹತ್ತಿರಕ್ಕೆ ತನ್ನಿ. ಇಷ್ಟಕ್ಕೇ ಎಷ್ಟೋ ಮನೆಗಳಲ್ಲಿ ಸೌಂಡ್ ಇಳಿಯುತ್ತದೆ.

ಇನ್ನೊಂದನ್ನೂ ಗಮನಿಸಿ. ಮೊದಲು ಹಿಂಬಾಲಿಸುತ್ತಿದ್ದ ಕಥೆಯ ಎಳೆ ಈಗ ಸಿಗುತ್ತಿಲ್ಲವೇ? ಅದೇ ಪಾತ್ರವನ್ನು ತೋರಿಸಿ "ಇವ ಯಾರು" ಎಂದು ಮತ್ತೆ ಮತ್ತೆ ಕೇಳುತ್ತಾರೆಯೇ? ಪರಿಚಿತ ದಾರಿ ತಪ್ಪುತ್ತದೆಯೇ, ಚಿಲ್ಲರೆ ಎಣಿಸುವುದು ತೊಡಕಾಗಿದೆಯೇ? ಇವಿದ್ದರೆ ಟಿವಿಯನ್ನು ಬೈಯುತ್ತ ಕೂಡದೆ ವೈದ್ಯರಿಗೆ ತೋರಿಸಿ. ಮನಸ್ಸು ಮತ್ತು ನರಗಳ ಕಾಯಿಲೆ ನೋಡುವ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಿಮಗೆ ಹತ್ತಿರ. ನಿವೃತ್ತಿಯ ನಂತರ ಯಾವುದರಲ್ಲೂ ಆಸಕ್ತಿಯಿಲ್ಲದೆ ಬರೀ ಪರದೆ ನೋಡುತ್ತಿದ್ದಾರೆ ಎನ್ನಿಸಿದರೆ ಅದು ಖಿನ್ನತೆಯೂ ಇರಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಸುದ್ದಿ ಚಾನೆಲ್ಲಿನ ಮಾತು ಬೇರೆಯೇ ಇದೆ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ ಆರು ತಾಸು ಅಥವಾ ಹೆಚ್ಚು ಅದರ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚು ತೀವ್ರವಾದ ಒತ್ತಡದ ಲಕ್ಷಣಗಳು ಕಂಡವು. ಒಂದೇ ದೃಶ್ಯವನ್ನು ನೂರು ಸಲ ತೋರಿಸಿದರೆ ತಿಳಿವಳಿಕೆ ನೂರು ಪಟ್ಟಾಗುವುದಿಲ್ಲ, ಗಾಬರಿ ಮಾತ್ರ ಬೆಳೆಯುತ್ತದೆ. ಮುಂಜಾನೆ ಅರ್ಧ ತಾಸು, ಸಂಜೆ ಅರ್ಧ ತಾಸು ಸುದ್ದಿ ಸಾಕು. ಉಳಿದ ತಾಸುಗಳನ್ನು ಖಾಲಿ ಬಿಟ್ಟರೆ ರಿಮೋಟ್ ಮತ್ತೆ ಕೈಗೆ ಬರುತ್ತದೆ, ಅಲ್ಲಿ ಬೇರೇನಾದರೂ ಇಡಲೇಬೇಕು. ಸಂಜೆ ಭೀಷ್ಮ ಕೆರೆಯ ಕಡೆ ಗೆಳೆಯರ ಜೊತೆ ಒಂದು ಸುತ್ತು, ಮುಂಜಾನೆ ಪೇಪರ್ ಓದಿ ಮನೆಯವರಿಗೆ ಎರಡು ಸುದ್ದಿ ಹೇಳುವುದು. ಟಿವಿಯೇ ಬೇಕೆಂದರೆ ರಸಪ್ರಶ್ನೆ ನೋಡಲಿ. ಚಂದನದಲ್ಲಿ 2002ರಿಂದ ಬರುತ್ತಿರುವ, ಸರಿ ಉತ್ತರಕ್ಕೆ ಪುಸ್ತಕವನ್ನೇ ಬಹುಮಾನ ಕೊಡುವ "ಥಟ್ ಅಂತ ಹೇಳಿ" ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೈಯಲ್ಲಿ ಹಾಳೆ ಪೆನ್ನು ಕೊಡಿ, ಸ್ಪರ್ಧಿ ಬಾಯಿ ಬಿಡುವ ಮೊದಲೇ ಉತ್ತರ ಬರೆಯಲಿ, ಮೊಮ್ಮಗನೂ ಎದುರಾಳಿಯಾಗಿ ಕೂಡಲಿ. ಕ್ರಿಕೆಟ್ ಆದರೆ ಸ್ಕೋರ್ ಬರೆದುಕೊಳ್ಳಲಿ. ಅರ್ಧ ತಾಸಿಗೊಮ್ಮೆ ಎದ್ದು ಪಡಸಾಲೆಯಲ್ಲಿ ಎರಡು ನಿಮಿಷ ಓಡಾಡಲಿ. ಜಾಹೀರಾತಿನ ಹೊತ್ತು ಇದಕ್ಕೇ ಇದೆ.

ಮೂರು ವರ್ಷದ ಕೂಸಿನ ವಿಷಯದಲ್ಲಿ ಮಾತು ಚಿಕ್ಕದು, ಖಚಿತ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು, ಅದೂ ದೊಡ್ಡವರು ಜೊತೆಗಿದ್ದು, ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ. ಕಾರ್ಟೂನುಗಳಲ್ಲೂ ಭೇದವಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 60 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಎಲ್ಲರಿಗೂ ನಾಲ್ಕು ವರ್ಷ. ದೃಶ್ಯ ಪಟಪಟ ಬದಲಾಗುವ ಕಾರ್ಟೂನನ್ನು ಒಂಬತ್ತೇ ನಿಮಿಷ ನೋಡಿದ ಮಕ್ಕಳಿಗೆ ಕೂಡಲೇ ಕೊಟ್ಟ ಗಮನದ, ತಾಳ್ಮೆಯ ಪರೀಕ್ಷೆ ಕಷ್ಟವಾಯಿತು. ನಿಧಾನದ ಕಾರ್ಯಕ್ರಮ ನೋಡಿದವರಿಗೆ, ಚಿತ್ರ ಬರೆಯುತ್ತಿದ್ದವರಿಗೆ ಹಾಗಾಗಲಿಲ್ಲ. ನಿಧಾನವಾಗಿ ಮಾತಾಡುವ, ಮಗುವಿಗೆ ಪ್ರಶ್ನೆ ಕೇಳಿ ಕಾಯುವ ಕಾರ್ಯಕ್ರಮ ಆರಿಸಿ. ಒಂದನ್ನೇ ವಾರವಿಡೀ ತೋರಿಸಿದರೂ ಆದೀತು, ಈ ವಯಸ್ಸಿನವರು ಮರುನೋಟದಲ್ಲೇ ಹೆಚ್ಚು ಕಲಿಯುತ್ತಾರೆ. ಅಜ್ಜನ ಸುದ್ದಿ ಚಾನೆಲ್ ಹಿಂದಿನಿಂದ ಕೂಗುತ್ತಿದ್ದರೆ ಕೂಸು ನೋಡದಿದ್ದರೂ ಅದರ ಆಟ ತುಂಡಾಗುತ್ತದೆ. ಸುತ್ತಲಿನ ದೊಡ್ಡವರು ಅದರೊಂದಿಗೆ ಆಡುವ ಮಾತೂ ಕಡಿಮೆಯಾಗುತ್ತದೆ.

ಉಣ್ಣಿಸುವಾಗ ಕಾರ್ಟೂನ್ ಬೇಡ. ಪರದೆ ನೋಡುತ್ತ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ರುಚಿಯೂ ಹತ್ತುವುದಿಲ್ಲ. ಬಿಡಿಸಲು ಒಂದು ದಿನ ಗೊತ್ತು ಮಾಡಿ, ಮನೆಯ ದೊಡ್ಡವರೆಲ್ಲ ಒಪ್ಪಿರಲಿ. ಒಬ್ಬರು ಕರಗಿ ರಿಮೋಟ್ ಒತ್ತಿದರೆ ಹಟಕ್ಕೆ ಬಲ ಬಂದು ಮೊದಲಿಗಿಂತ ಗಟ್ಟಿಯಾಗುತ್ತದೆ. ಎಲ್ಲರೂ ಉಣ್ಣುವಾಗಲೇ ಜೊತೆಗೆ ಕೂಡಿಸಿ, ಸ್ವಲ್ಪವೇ ಬಡಿಸಿ, ತಾನೇ ಕೈಯಿಂದ ತಿನ್ನಲಿ. ಇಪ್ಪತ್ತರಿಂದ ಮೂವತ್ತು ನಿಮಿಷದ ನಂತರ ಬೈಯದೆ ತಾಟು ಎತ್ತಿ, ಮುಂದಿನ ಊಟದ ಹೊತ್ತಿನವರೆಗೆ ಬಿಸ್ಕಿಟ್, ಚಿಪ್ಸ್ ಕೊಡಬೇಡಿ. ಮೊದಲ ಮೂರ್ನಾಲ್ಕು ದಿನ ಅಳು ಜೋರಿರುತ್ತದೆ. ಮಗು ಚಟುವಟಿಕೆಯಿಂದಿದ್ದು ತೂಕ ಸರಿಯಿದ್ದರೆ ಹೆದರಬೇಕಿಲ್ಲ. ತೂಕ ಇಳಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಅತ್ತೆಯವರ ಧಾರಾವಾಹಿ ಇದ್ದ ಹಾಗೇ ಇರಲಿ, ಅದರ ಜೊತೆಗೆ ದಿನಕ್ಕೆ ಅರ್ಧ ತಾಸು ಬೇರೊಂದನ್ನು ಸೇರಿಸಿ. ಟಿವಿಯಿಂದ ಅವರಿಗೆ ಸಿಗಬಹುದಾದ ದೊಡ್ಡ ಲಾಭ ಓದು. ಹಾಡು ಯಾವ ಭಾಷೆಯದೋ ಅದೇ ಭಾಷೆಯ ಅಕ್ಷರವನ್ನು ಪರದೆಯ ಕೆಳಗೆ ಹಾಯಿಸಿದರೆ, ಸಾಲಿ ಅರ್ಧಕ್ಕೆ ಬಿಟ್ಟವರ ಓದು ಕುದುರುತ್ತದೆ ಎಂದು ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ 1990ರ ದಶಕದಿಂದ ಪ್ರಯೋಗ ಮಾಡುತ್ತ ಬಂದರು. ಗುಜರಾತಿ ಹಾಡುಗಳಿಂದ ಶುರುವಾದದ್ದು ಮುಂದೆ ದೂರದರ್ಶನದ ಹಿಂದಿ ಚಿತ್ರಗೀತೆಗಳಿಗೂ ಬಂತು. ಹಾಡು ಬಾಯಿಪಾಠವಿರುವುದರಿಂದ ಮುಂದಿನ ಪದ ಯಾವುದೆಂದು ಗೊತ್ತಿರುತ್ತದೆ, ಕಣ್ಣು ಅದನ್ನು ಪರದೆಯ ಮೇಲೆ ಹುಡುಕಿ ಹಿಡಿಯುತ್ತದೆ. ಇದಕ್ಕೆ ನಮ್ಮ ಕಡೆ ಶರೀಫರ ತತ್ವಪದ, ಬಸವಣ್ಣನವರ ವಚನಗಳಿಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಅತ್ತೆಯವರಿಗೆ ಅವು ಕೇಳಿ ಕೇಳಿ ಬಂದಿರುತ್ತವೆ. ಯೂಟ್ಯೂಬಿನಲ್ಲಿ ಕನ್ನಡ ಸಾಹಿತ್ಯ ಸಹಿತ ಎಂದು ಹುಡುಕಿದರೆ ಸಾಲು ಸಾಲಾಗಿ ಅಕ್ಷರ ಬರುವ ವಿಡಿಯೋಗಳು ಸಿಗುತ್ತವೆ. ಆರಿಸುವಾಗ ನಾಲ್ಕು ನೋಡಿಕೊಳ್ಳಿ: ಅಕ್ಷರ ದಪ್ಪ, ಹಿನ್ನೆಲೆ ಕಪ್ಪು ಅಥವಾ ಒಂದೇ ಬಣ್ಣ, ಒಮ್ಮೆಗೆ ಎರಡೇ ಸಾಲು, ಹಾಡು ನಿಧಾನ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದವು ಬೇಡ. ರೊಟ್ಟಿ ಮುಗಿದ ಮೇಲೆ, ಬೇಕಾದರೆ ಕನ್ನಡಕ ಹಾಕಿಕೊಂಡು, ವಾರಕ್ಕೆ ಒಂದೇ ಹಾಡು ದಿನಾ ಎರಡು ಮೂರು ಸಲ ಹಾಡುತ್ತ ನೋಡಲಿ. ಒತ್ತಕ್ಷರ ಬಂದಲ್ಲಿ ತಡವರಿಸಿದರೆ ತಿದ್ದಬೇಡಿ, ಹಾಡೇ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಬಸ್ಸಿನ ಬೋರ್ಡು, ಔಷಧದ ಚೀಟಿಯ ಮೇಲಿನ ಕನ್ನಡ, ರೇಷನ್ ಅಂಗಡಿಯ ನೋಟೀಸು ಮುಂದಿಟ್ಟು ಓದಿಸಿ ನೋಡಿ. ಓದು ಸರಾಗವಾಗಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ. ಓದು ಕುದುರದಿದ್ದರೆ ಹಾಡು ಬದಲಿಸಿ, ಇನ್ನೂ ನಿಧಾನದ್ದು ಹಚ್ಚಿ.